ಲೇಖನಿಯ ದುಡಿಮೆಯೂ ದಿನಚರಿಯೂ

ಉಡುಪಿಯಿಂದ ಮಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಉದ್ಯಾವರದ ಹೊಳೆಯನ್ನು ದಾಟಿದ ತರುವಾಯ ದೊರೆಯುವ ಪೇಟೆಯೇ ಕಟಪಾಡಿ. ಇಲ್ಲಿಂದ ಮೂಡು ದಿಕ್ಕಿಗೆ ಶಿರ್ವದ ಕಡೆಗೆ ತಿರುಗುವ ದಾರಿಯಲ್ಲಿ ಶಂಕರಪುರವಿರುವುದು. ಈ ಸೀಮೆಯ ಮಲ್ಲಿಗೆಯ ಹೆಸರನ್ನು ಮಂಗಳೂರು, ಮುಂಬಯಿಗಳವರೆಗೂ ಬಲ್ಲವರುಂಟು. ಹೊತ್ತು ಮೂಡುವ ವೇಳೆಗೆ ಮನೆಮಂದಿಯೆಲ್ಲರೂ ಗಿಡಗಳ ನಡುವೆ ನಿಂತು ಮೊಗ್ಗು ಕೊಯ್ಯುವರು; ಬಳಿಕ ಜಗಲಿಯಲ್ಲಿ ಕುಳಿತು ಬಾಳೆನಾರಿನಿಂದ ಅದನ್ನು ಕಟ್ಟುವರು. ಎಂಟುನೂರು ಮೊಗ್ಗುಗಳಿಗೆ ಒಂದು ಚೆಂಡು. ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಎಂದರೆ ಒಂದು ಅಟ್ಟೆಯಾಗಬೇಕಾದರೆ 3,200 ಮೊಗ್ಗುಗಳು ಒಂದೊಂದಾಗಿ ಕೈಬೆರಳುಗಳ ನಡುವೆ ಹಾದು ಬರಬೇಕು. ಅಟ್ಟೆಯ ಕ್ರಯವಾದರೋ ದಿನಕ್ಕೊಂದು ಬಗೆ. ಮದುವೆಯ ತಿಂಗಳುಗಳಲ್ಲಿ ಏರುವುದು, ಶುಭಕಾರ್ಯಗಳಿಲ್ಲದ ಆಟಿಯಲ್ಲಿ ಇಳಿಯುವುದು. ಕ್ರಯವನ್ನು ನಿಶ್ಚಯಿಸುವ ಅಧಿಕಾರವು ಹೂ ಕಟ್ಟಿದವಳಿಗಿಲ್ಲ. ಬೆಳಗಿನ ಕೊಯ್ಲು ಮಾತ್ರ ಅವಳ ಕೈಯಲ್ಲಿದೆ. ಒಂದು ದಿನ ಕೊಯ್ಯದೆ ಬಿಟ್ಟ ಮೊಗ್ಗು ಮರುದಿನಕ್ಕೆ ಅರಳಿ ಬೆಲೆಯಿಲ್ಲದುದಾಗುವುದು.

ಒಬ್ಬ ಒಡೆಯನ ಸಂಬಳಕ್ಕೆ ಒಳಪಡದೆ, ಬರೆದುದನ್ನು ಮಾರಿ ಬದುಕುವ ಮನುಷ್ಯನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಈ ಕಾಲದಲ್ಲಿ ಅಂಥವನನ್ನು ಸ್ವತಂತ್ರ ಲೇಖಕನೆನ್ನುವರು. ಕೈಯೊಳಗಿನ ಮೊಬೈಲಿನಿಂದ ಚಿತ್ರವನ್ನೂ ಧ್ವನಿಯನ್ನೂ ಲೇಖನವನ್ನೂ ಹುಟ್ಟಿಸಿ ಲೋಕಕ್ಕೆ ಕಳುಹಿಸುವವನಿಗೆ ಕಂಟೆಂಟ್ ಕ್ರಿಯೇಟರ್ ಎಂಬ ಹೊಸ ಹೆಸರು ಬಂದಿದೆ. ಹೆಸರು ಹೊಸದಾದ ಮಾತ್ರಕ್ಕೆ ವೃತ್ತಿಯೂ ನಿನ್ನೆ ಮೊನ್ನೆ ಹುಟ್ಟಿತೆಂದು ಭಾವಿಸುವುದು ಸರಿಯಲ್ಲ. ಕರಾವಳಿಯ ಈ ಜಿಲ್ಲೆಗಳಲ್ಲಿ ಅದಕ್ಕೆ ನೂರೆಂಬತ್ತು ವರ್ಷಗಳ ಪೂರ್ವಚರಿತ್ರೆಯುಂಟು. ನಿತ್ಯದ ಅಭ್ಯಾಸವು ಇಂಥವರ ಆದಾಯವನ್ನು ಎಷ್ಟರ ಮಟ್ಟಿಗೆ ಬೆಳೆಸಬಲ್ಲುದು, ಎಲ್ಲಿ ಅದರ ಶಕ್ತಿಯು ಮುಗಿಯುವುದು, ಮತ್ತು ಹಾಗೆ ಬೆಳೆದ ಆದಾಯದಿಂದ ಕೊನೆಗೆ ಕೊಳ್ಳತಕ್ಕುದು ಏನು ಎಂಬ ಪ್ರಶ್ನೆಗಳಿಗೆ ಆ ಚರಿತ್ರೆಯಲ್ಲಿಯೇ ಉತ್ತರವು ದೊರೆಯುವಂತಿದೆ.

ಮುದ್ರಣವು ಬರುವುದಕ್ಕೆ ಮುನ್ನ ಬರೆಹಗಾರನು ದಾನವನ್ನು ಅವಲಂಬಿಸಿದ್ದನು. ಅರಸನು, ಮಠವು, ದೇವಸ್ಥಾನವು, ಊರಿನ ಗುತ್ತಿನ ಮನೆಯವರು ಮೆಚ್ಚಿದರೆ ಅವನಿಗೆ ಭೂಮಿಯೋ ಅಕ್ಕಿಯ ಮುಡಿಯೋ ಸಿಕ್ಕುತ್ತಿದ್ದಿತು. ಯಕ್ಷಗಾನದ ಪ್ರಸಂಗವನ್ನು ಬರೆದ ಕವಿಯ ಪದಗಳು ಊರೂರಿನ ಬಯಲುಗಳಲ್ಲಿ ರಾತ್ರಿಯೆಲ್ಲ ಹಾಡಲ್ಪಡುತ್ತಿದ್ದರೂ ಆಟವೊಂದಕ್ಕೆ ಇಷ್ಟು ಎಂದು ಅವನ ಮನೆಗೆ ಏನೂ ಬರುತ್ತಿರಲಿಲ್ಲ. ಓದುಗನೇ ಬರೆಹಕ್ಕೆ ಬೆಲೆ ಕೊಟ್ಟು ಕೊಳ್ಳುವ ಪದ್ಧತಿಗೆ ಅಚ್ಚಿನ ಮೊಳೆಗಳೂ ಅಂಚೆಯ ವ್ಯವಸ್ಥೆಯೂ ಬೇಕಾಗಿದ್ದುವು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಅದರಿಂದ 1843ನೆಯ ಇಸವಿಯ ಜುಲಾಯಿ 1ರಂದು ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಅದನ್ನು ಎಣಿಸುವರು. ಪಕ್ಷಕ್ಕೊಮ್ಮೆ ತಪ್ಪದೆ ಹೊರಡಬೇಕಾದ ಹಾಳೆಯು ಬರೆಯುವವನ ಮೇಲೆ ಹೊಸದೊಂದು ನಿರ್ಬಂಧವನ್ನು ತಂದಿತು. ಸ್ಫೂರ್ತಿಯು ಬರಲೆಂದು ಕಾದು ಕುಳಿತವನಿಗೆ ಪತ್ರಿಕೆಯಲ್ಲಿ ಸ್ಥಾನವಿಲ್ಲ. ಗೊತ್ತಾದ ದಿನಕ್ಕೆ ಗೊತ್ತಾದಷ್ಟು ಬರೆದು ಕೊಡುವವನೇ ಅದಕ್ಕೆ ಬೇಕಾದವನು. ಪತ್ರಿಕೆಯು ಮರುವರ್ಷವೇ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತಾದರೂ ಈ ನಿರ್ಬಂಧವು ಇಲ್ಲಿಯೇ ಉಳಿಯಿತು.

ಆದರೆ ಅಚ್ಚಿನ ಯಂತ್ರವು ಬಂದೊಡನೆಯೇ ಲೇಖಕನ ಹೊಟ್ಟೆ ತುಂಬಿತೆಂದು ತಿಳಿಯಬಾರದು. ಕಾರ್ಕಳದ ಸಮೀಪದ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನವರ ಕಥೆಯು ಇದಕ್ಕೆ ಸಾಕ್ಷಿ. ಮುದ್ದಣನೆಂಬ ಹೆಸರಿನಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದ ಇವರು ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯನ್ನು ಕಲಿಸುವ ಉಪಾಧ್ಯಾಯರಾಗಿದ್ದರು. ಹಗಲೆಲ್ಲ ಹುಡುಗರಿಗೆ ಕವಾಯತು ಮಾಡಿಸಿ, ಉಳಿದ ಹೊತ್ತಿನಲ್ಲಿ ಹಳಗನ್ನಡದ ಕಾವ್ಯಗಳನ್ನು ಓದಿ, ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದರು. ಅವರ ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಹಾಗಿದ್ದರೂ ಆ ಕೃತಿಗಳನ್ನು ತಮ್ಮವೆಂದು ಹೇಳಿಕೊಳ್ಳುವ ಧೈರ್ಯವು ಅವರಿಗಾಗಲಿಲ್ಲ. ಪೂರ್ವಕವಿಯೊಬ್ಬನ ಓಲೆಗರಿಯ ಗ್ರಂಥಗಳೆಂಬಂತೆ ಅವನ್ನು ಮೈಸೂರಿನ ಕಾವ್ಯಪ್ರಕಾಶಕರಿಗೆ ಕಳುಹಿಸಿದರು. ಹಳೆಯ ಕವಿಗೆ ಮಾತ್ರ ಮನ್ನಣೆಯಿದ್ದ ಕಾಲವದು. ಬದುಕಿರುವ ಬಡ ಉಪಾಧ್ಯಾಯನ ಹೆಸರಿಗೆ ಬೆಲೆಯಿದ್ದಿಲ್ಲ. ‘ಶ್ರೀರಾಮಾಶ್ವಮೇಧ’ದಲ್ಲಿ ಮುದ್ದಣನು ಮನೋರಮೆಗೆ ಕಥೆ ಹೇಳುವ ಸಂದರ್ಭದಲ್ಲಿ ಅದಕ್ಕೆ ದೊರೆಯತಕ್ಕ ಬಹುಮಾನದ ಮಾತು ಸರಸವಾಗಿ ಬರುವುದು. ಓದುವವನಿಗೆ ನಗು ಬರುವುದು ಸಹಜ. ಬರೆದವನ ಸ್ಥಿತಿಯನ್ನು ಬಲ್ಲವನಿಗೆ ಆ ನಗುವಿನೊಳಗಣ ನೋವೂ ಕಾಣುವುದು. 1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ 31 ವರ್ಷ. ಪರಿಶ್ರಮವೊಂದೇ ಸಾಲದು, ಆ ಪರಿಶ್ರಮದಿಂದ ಹುಟ್ಟಿದ ವಸ್ತುವು ಬೆಲೆ ಕೊಡುವವನ ಬಾಗಿಲಿಗೆ ತಲಪುವ ದಾರಿಯೂ, ಅದರ ಮೇಲೆ ಕರ್ತೃವಿನ ಹೆಸರೂ ಇರಬೇಕು ಎಂಬುದನ್ನು ಈ ಅಲ್ಪಾಯುವಿನ ಜೀವನವು ತೋರಿಸಿಕೊಟ್ಟಿತು.

ಆ ದಾರಿಯನ್ನು ತಮ್ಮ ಕಾಲುಗಳಿಂದಲೇ ತುಳಿದು ಮಾಡಿದವರು ಧಾರವಾಡದ ಕಡೆಯ ಗಳಗನಾಥರು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಉಪಾಧ್ಯಾಯರ ಕೆಲಸವನ್ನು ಬಿಟ್ಟು ಬರೆವಣಿಗೆಯನ್ನೇ ನಂಬಿದರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯು ಅವರ ಬರೆವಣಿಗೆಯ ಬಲದಿಂದ ಮನೆಮನೆಗೆ ಹೋಯಿತು. ಕಾದಂಬರಿಗಳನ್ನು ಬರೆದು, ಅಚ್ಚುಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ದಿನದ ಒಂದು ಭಾಗವು ಬರೆಯುವುದಕ್ಕೆ, ಇನ್ನೊಂದು ಭಾಗವು ಮಾರುವುದಕ್ಕೆ ಎಂಬ ವಿಭಾಗವು ಕನ್ನಡದ ಲೇಖಕನ ಬಾಳಿನಲ್ಲಿ ಹೀಗೆ ಪ್ರವೇಶಿಸಿತು. ಪುಸ್ತಕ ಮಾರುವುದನ್ನು ಅವಮಾನವೆಂದೆಣಿಸಿದವರು ಆಗಲೂ ಇದ್ದರು. ಆದರೆ ಓದುಗನ ಮುಖವನ್ನು ನೇರವಾಗಿ ಕಂಡ ಲೇಖಕನಿಗೆ ಯಾವ ಕಥೆಯು ಹಿಡಿಸಿತು, ಯಾವುದು ಬೇಸರ ತಂದಿತು ಎಂಬುದು ಅಂಗಡಿಯವನಿಗಿಂತ ಮೊದಲೇ ತಿಳಿಯುತ್ತಿದ್ದಿತು. 1942ರಲ್ಲಿ ಅವರು ಕಾಲವಾದರು. ಸಂಪತ್ತು ಅವರಿಗೆ ಒಲಿಯಲಿಲ್ಲ. ಕನ್ನಡಕ್ಕೆ ಓದುಗರ ಒಂದು ದೊಡ್ಡ ಸಮೂಹವು ಅವರಿಂದ ಒಲಿಯಿತು.

ದಕ್ಷಿಣ ಕನ್ನಡದಲ್ಲಿ ಈ ಕಾಲದ ಸಾಹಿತಿಗಳಲ್ಲಿ ಬಹುಮಂದಿ ಬೇರೊಂದು ಆಸರೆಯುಳ್ಳವರಾಗಿದ್ದರು. ಪಂಜೆ ಮಂಗೇಶರಾಯರು (1874–1937) ವಿದ್ಯಾ ಇಲಾಖೆಯ ನೌಕರಿಯಲ್ಲಿದ್ದರು. ಮಂಜೇಶ್ವರದ ಗೋವಿಂದ ಪೈಗಳಿಗೆ (1883–1963) ಮನೆತನದ ಆಸ್ತಿಯಿದ್ದಿತು. ಸಂಬಳ ಅಥವಾ ಗೇಣಿಯ ಅಕ್ಕಿಯು ಮನೆಯನ್ನು ನಡೆಯಿಸುತ್ತಿದ್ದಿತು; ಲೇಖನಿಯು ಮನಸ್ಸನ್ನು ನಡೆಯಿಸುತ್ತಿದ್ದಿತು. ಇದರಲ್ಲಿ ದೋಷವೇನೂ ಇಲ್ಲ. ಇಂದಿಗೂ ಹೊಸಬನಾದವನಿಗೆ ಬುದ್ಧಿವಂತರು ಹೇಳುವ ಮಾತು ಇದೇ: ಒಂದು ಸ್ಥಿರವಾದ ವರಮಾನವನ್ನು ಹಿಡಿದುಕೊಂಡು ಇನ್ನೊಂದನ್ನು ಮೆಲ್ಲನೆ ಬೆಳೆಸಬೇಕು. ಆದರೆ ಆಸರೆಯಿಲ್ಲದೆ ನಡೆಯಲೆಳಸಿದವನು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರದ ಒಂದು ಪಾಲು ಸಾಹಿತ್ಯದ ಹೊರಗಿನಿಂದ ಬಂದಿತು. ಕೈಮಗ್ಗದ ಕಸುಬು ಸೊರಗಿ ನೇಕಾರರು ಕಂಗೆಟ್ಟಿದ್ದ ಸಮಯದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು ಉಡುಪಿಯಲ್ಲಿ 8,000 ರೂಪಾಯಿಗಳ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ಹೂಡಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೂ ಅಂಗಡಿಯ ಬಾಗಿಲಿಗೂ ಬಂದು ಎರಡಾಣೆಯಷ್ಟು ಅಲ್ಪವಾದ ಮೊತ್ತವನ್ನೂ ತೆಗೆದುಕೊಂಡು ಪುಸ್ತಕದಲ್ಲಿ ಬರೆದುಕೊಡುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 730 ಆಣೆ. ರೂಪಾಯಿಗೆ ಹದಿನಾರಾಣೆಯ ಆ ಕಾಲದ ಲೆಕ್ಕದಲ್ಲಿ 45 ರೂಪಾಯಿ 10 ಆಣೆ. ವರ್ಷದ ಕೊನೆಗೆ ಒಂದೇ ಗಂಟಾಗಿ 45 ರೂಪಾಯಿಗಳನ್ನು ಕೊಡೆಂದರೆ ಹೂ ಮಾರುವವಳೂ ಬೀಡಿ ಕಟ್ಟುವವಳೂ ಕೊಡಲಾರಳು. ದಿನದ ಎರಡಾಣೆಯನ್ನು ಅವಳು ಕೊಡಬಲ್ಲಳು. ಇಲ್ಲಿ ಮುಖ್ಯವಾದುದು ಮೊತ್ತದ ಅಲ್ಪತೆಯಲ್ಲ, ಪ್ರತಿನಿಧಿಯು ದಿನವೂ ಬರುವನೆಂಬ ನಿಶ್ಚಯ. ಮನುಷ್ಯನ ಸಂಕಲ್ಪವು ದುರ್ಬಲವೆಂಬುದನ್ನು ಅರಿತವರೇ ಈ ಯೋಜನೆಯನ್ನು ಹವಣಿಸಿರಬೇಕು. ಸಂಕಲ್ಪಕ್ಕೆ ಬದಲಾಗಿ ಬಾಗಿಲಿಗೆ ಬರುವ ಒಬ್ಬ ಮನುಷ್ಯನನ್ನು ಅವರು ನಿಲ್ಲಿಸಿದರು. 1964ರಲ್ಲಿ ಸಿಂಡಿಕೇಟ್ ಬ್ಯಾಂಕೆಂಬ ಹೆಸರು ಪಡೆದ ಆ ಸಂಸ್ಥೆಯು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದು ಕಲಿಸಿದ ಪಾಠವು ಈ ಸೀಮೆಯ ಸಣ್ಣ ವ್ಯಾಪಾರಿಗಳ ಮನೆಗಳಲ್ಲಿ ಇನ್ನೂ ಅಳಿದಿಲ್ಲ.

ಬರೆವಣಿಗೆಯಲ್ಲಿ ಇದೇ ತತ್ತ್ವವನ್ನು ಅತ್ಯಂತ ನಿಷ್ಠುರವಾಗಿ ಆಚರಿಸಿದವನು ಆಂಗ್ಲ ಕಾದಂಬರಿಕಾರ ಆಂಥೊನಿ ಟ್ರೊಲಪ್ (1815–1882). ಈತನು ಅಂಚೆಯ ಇಲಾಖೆಯ ಅಧಿಕಾರಿ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದನು. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುತ್ತಿದ್ದನು. ಮೂರು ಗಂಟೆ ಕಳೆದ ಬಳಿಕ ಕಚೇರಿಯ ಕೆಲಸಕ್ಕೆ ಅಣಿಯಾಗುತ್ತಿದ್ದನು. ಮುಂಜಾವದಲ್ಲಿ ಎಬ್ಬಿಸಿ ಕಾಫಿ ತಂದುಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡುಗಳನ್ನು ಹೆಚ್ಚಾಗಿ ಕೊಡುತ್ತಿದ್ದನು. ಉಡುಪಿಯ ಪಿಗ್ಮಿಯವನು ಮಾಡಿದ ಕೆಲಸವನ್ನೇ ಈ ಆಳೂ ಮಾಡಿದನೆನ್ನಬಹುದು. ಬರೆವಣಿಗೆಯಿಂದ ಟ್ರೊಲಪನಿಗೆ ಒಟ್ಟು ಸುಮಾರು 70 ಸಾವಿರ ಪೌಂಡು ಬಂದಿತು. ಅವನ ಮರಣದ ತರುವಾಯ 1883ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಈ ಲೆಕ್ಕವೆಲ್ಲವನ್ನೂ ಪೈಸೆ ಬಿಡದೆ ತಿಳಿಸಿದ್ದನು. ಅದನ್ನು ಓದಿದ ರಸಿಕರಲ್ಲಿ ಅನೇಕರು ಮುನಿದರು; ಗಡಿಯಾರ ನೋಡಿ ಬರೆದವನು ಕಲಾವಿದನಾಗುವುದೆಂತು ಎಂದರು. ಆತನ ಕೀರ್ತಿಯು ಕೆಲಕಾಲ ಕುಂದಿತು. ಪುಸ್ತಕಗಳು ಮಾತ್ರ ಉಳಿದುವು. ಕೀರ್ತಿಯು ಮರಳಿ ಬಂದಿತು. ಒಳ್ಳೆಯ ಬರೆಹವು ಗಡಿಯಾರದಿಂದ ಕೆಡುವುದಿಲ್ಲವೆಂಬುದಕ್ಕೆ ಇಷ್ಟು ನಿದರ್ಶನವು ಸಾಕು.

ಟ್ರೊಲಪನ ಕಾದಂಬರಿಗಳು 47 ಎಂದು ಎಣಿಸುವರು. ಕೋಟದ ಶಿವರಾಮ ಕಾರಂತರ ಕಾದಂಬರಿಗಳನ್ನೂ 47 ಎಂದೇ ಎಣಿಸುವ ರೂಢಿಯಿದೆ. ಸಂಖ್ಯೆಯ ಈ ಹೊಂದಾಣಿಕೆಯು ಆಕಸ್ಮಿಕ. ಆದರೆ ಕಾರಂತರ ಹಿಂದೆ ಅಂಚೆಯ ಇಲಾಖೆಯ ಸಂಬಳವಿರಲಿಲ್ಲ. 1902ರ ಅಕ್ಟೋಬರ್ 10ರಂದು ಜನಿಸಿದ ಇವರು ಅಸಹಕಾರ ಚಳವಳಿಯ ಕಾಲದಲ್ಲಿ ಮಂಗಳೂರಿನ ಕಾಲೇಜನ್ನು ತೊರೆದರು. ಅಲ್ಲಿಂದ ಮುಂದಕ್ಕೆ ಯಾವ ನೌಕರಿಯನ್ನೂ ಬಾಳಿನ ಆಧಾರವಾಗಿ ಹಿಡಿಯದೆ 1997ರ ಡಿಸೆಂಬರ್ 9ರವರೆಗೆ ಬದುಕಿದರು. ಕರಾವಳಿಯಲ್ಲಿ ಸ್ವತಂತ್ರ ಲೇಖಕನ ಜೀವನವನ್ನು ಅಭ್ಯಸಿಸಬೇಕಾದವನು ಮೊದಲು ನೋಡಬೇಕಾದುದು ಇವರ ಬಾಳನ್ನು.

ಆರಂಭವು ಸುಖಕರವಾಗಿರಲಿಲ್ಲ. 1920ರ ದಶಕದಲ್ಲಿ ಅವರು ‘ವಸಂತ’ವೆಂಬ ಮಾಸಪತ್ರಿಕೆಯನ್ನು ನಡೆಯಿಸಿ ನಷ್ಟಕ್ಕೊಳಗಾದರು. ನಾಟಕವಾಡಿಸಿದರು, 1930ರಲ್ಲಿ ‘ಡೊಮಿಂಗೊ’ ಎಂಬ ಮೂಕಚಿತ್ರವನ್ನೂ ತೆಗೆದರು. ಕೈಹಾಕಿದ ಕೆಲಸಗಳಲ್ಲಿ ಹಲವು ಹಣವನ್ನು ನುಂಗಿದುವೇ ಹೊರತು ಹಣವನ್ನು ಕೊಡಲಿಲ್ಲ. ಪುತ್ತೂರಿನಲ್ಲಿ ನೆಲೆಸಿ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ತೊಡಗಿದ ಮೇಲೆ ಅವರ ದುಡಿಮೆಗೆ ಒಂದು ಸ್ಥಿರವಾದ ಆಕಾರ ಬಂದಿತು. 1933ರಲ್ಲಿ ‘ಚೋಮನ ದುಡಿ’. ಅದರ ಬೆನ್ನಿಗೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’. 1940ರ ದಶಕದ ಮೊದಲ ವರ್ಷಗಳಲ್ಲಿ ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಮತ್ತು ‘ಸಿರಿಗನ್ನಡ ಅರ್ಥಕೋಶ’. 1959ರಿಂದ 1964ರ ಒಳಗೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವು ಬಂದಿತು. ಕಾದಂಬರಿ, ಪಠ್ಯಪುಸ್ತಕ, ನಿಘಂಟು, ಪ್ರವಾಸಕಥನ, ಯಕ್ಷಗಾನದ ಸಂಶೋಧನೆ ಎಂದು ಅವರ ಬರೆಹದ ಬಗೆಗಳು ಹತ್ತಾರು. ಇದನ್ನು ಕೇವಲ ಪ್ರತಿಭೆಯ ವೈವಿಧ್ಯವೆಂದು ಹೊಗಳುವುದು ವಾಡಿಕೆ. ಸಂಬಳವಿಲ್ಲದವನ ಕಣ್ಣಿನಿಂದ ನೋಡಿದರೆ ಇದರಲ್ಲಿ ಬೇರೊಂದು ಅರ್ಥವೂ ಇದೆ. ಶಾಲೆಯ ಪುಸ್ತಕವು ಬೇಗನೆ ಮಾರಾಟವಾಗುವುದು. ಕಾದಂಬರಿಯು ಮೆಲ್ಲನೆ, ಆದರೆ ಬಹುಕಾಲ ಮಾರಾಟವಾಗುವುದು. ನಿಘಂಟು ಪ್ರತಿವರ್ಷ ಹೊಸ ವಿದ್ಯಾರ್ಥಿಯನ್ನು ಕಂಡುಕೊಳ್ಳುವುದು. ಒಂದು ಸೊರಗಿದಾಗ ಇನ್ನೊಂದು ಕೈಹಿಡಿಯುವುದು. ಗದ್ದೆಯಲ್ಲಿ ಏಣಿಲು ಬೆಳೆಯನ್ನು ಕೊಯ್ದು ಸುಗ್ಗಿಗೆ ಅಣಿಮಾಡಿ, ಅಂಚಿನಲ್ಲಿ ತೆಂಗನ್ನೂ ಹಿತ್ತಿಲಲ್ಲಿ ಮಲ್ಲಿಗೆಯನ್ನೂ ನೆಡುವ ಒಕ್ಕಲಿಗನಿಗೆ ಈ ನೀತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಅವರು ಪುತ್ತೂರಿನಲ್ಲಿ ಹರ್ಷ ಎಂಬ ಹೆಸರಿನಿಂದ ಮುದ್ರಣ ಮತ್ತು ಪ್ರಕಾಶನವನ್ನು ತಾವೇ ನಡೆಯಿಸಿದರು. ಪುಸ್ತಕಗಳಿಗೆ ಚಿತ್ರಗಳನ್ನೂ ತಾವೇ ಬರೆದರು. ಬರೆಹವನ್ನು ಒಂದೇ ಸಲಕ್ಕೆ ಮಾರಿ ಕೈತೊಳೆದುಕೊಳ್ಳುವುದಕ್ಕೂ, ಅದರ ಹಕ್ಕನ್ನು ಇರಿಸಿಕೊಂಡು ಮುದ್ರಣದಿಂದ ಮುದ್ರಣಕ್ಕೆ ಫಲವನ್ನು ಪಡೆಯುವುದಕ್ಕೂ ಹೊಲವನ್ನು ಮಾರುವುದಕ್ಕೂ ಬೆಳೆಯನ್ನು ಮಾರುವುದಕ್ಕೂ ಇರುವಷ್ಟು ಅಂತರವಿದೆ. 1957ರ ಕೃತಿಸ್ವಾಮ್ಯದ ಕಾನೂನು ಲೇಖಕನಿಗೆ ಈ ಹಕ್ಕನ್ನು ಸ್ಪಷ್ಟಪಡಿಸಿತು; 1992ರ ತಿದ್ದುಪಡಿಯಿಂದ ಅದರ ಅವಧಿಯು ಕರ್ತೃವಿನ ಮರಣಾನಂತರ ಅರುವತ್ತು ವರ್ಷಗಳಾಯಿತು. ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕಿನ ವಿಷಯದಲ್ಲಿ ಎದ್ದ ವ್ಯಾಜ್ಯವೊಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಿರ್ಣಯವಾಯಿತೆಂಬುದನ್ನು ನೆನೆದರೆ, ಹಕ್ಕೆಂಬುದು ಕರ್ತೃವಿನ ಕಾಲಾನಂತರವೂ ಎಷ್ಟು ಬೆಲೆಯುಳ್ಳ ವಸ್ತುವೆಂಬುದು ತಿಳಿಯುವುದು.

ಮೂರನೆಯದಾಗಿ ಅವರ ದುಡಿಮೆಯ ದೈರ್ಘ್ಯ. ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾದಾಗ ಅವರಿಗೆ ಅರುವತ್ತಾರರ ಹತ್ತಿರ. ಅದಕ್ಕೆ ಜ್ಞಾನಪೀಠದ ಗೌರವವು 1977ನೆಯ ವರ್ಷಕ್ಕೆ ಸಂದಿತು. ತೊಂಬತ್ತು ದಾಟಿದ ಮೇಲೂ ಅವರು ಹಕ್ಕಿಗಳನ್ನು ಕುರಿತು ಪುಸ್ತಕವನ್ನು ಸಿದ್ಧಗೊಳಿಸುತ್ತಿದ್ದರು. ನಾನೂರಕ್ಕೂ ಮಿಕ್ಕಿದ ಕೃತಿಗಳು ಆವೇಶದ ಕೆಲವು ರಾತ್ರಿಗಳಿಂದ ಹುಟ್ಟುವುವಲ್ಲ. ದಿನಕ್ಕೆ ಒಂದು ಪುಟದಂತೆ ಬರೆದವನಿಗೆ ವರ್ಷಕ್ಕೆ ಮುನ್ನೂರು ಪುಟಗಳಾಗುವುವು. ಎಪ್ಪತ್ತು ವರ್ಷಗಳಲ್ಲಿ ಅದು ಒಂದು ಗ್ರಂಥಾಲಯದ ಗೋಡೆಯನ್ನು ತುಂಬುವುದು.

ಲೇಖನಿಯನ್ನೇ ನಂಬಿದ ಇನ್ನಿಬ್ಬರ ಹೆಸರನ್ನು ಇಲ್ಲಿ ಹೇಳದಿದ್ದರೆ ಚರಿತ್ರೆಯು ಅಪೂರ್ಣವಾಗುವುದು. ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಕನ್ನಡದ ಲೇಖಕನು ಓದುಗರ ಹಣದಿಂದಲೇ ಬಾಳಬಹುದೆಂಬುದನ್ನು ತೋರಿಸಿದರು. 1924ರಲ್ಲಿ ಜನಿಸಿದ, ಕುಳಕುಂದದವರಾದ ನಿರಂಜನರು ಮಂಗಳೂರಿನ ‘ರಾಷ್ಟ್ರಬಂಧು’ವಿನಲ್ಲಿ ದುಡಿದು, ಬಳಿಕ ಪತ್ರಿಕೆಗಳ ಅಂಕಣಗಳನ್ನೂ ಕಾದಂಬರಿಗಳನ್ನೂ ಬರೆದು ಜೀವಿಸಿದರು. ಅಂಕಣವೆಂಬುದು ಸ್ವತಂತ್ರ ಲೇಖಕನ ಪಾಲಿಗೆ ಸಂಬಳಕ್ಕೆ ಅತ್ಯಂತ ಸಮೀಪವಾದ ವಸ್ತು. ವಾರದ ನಿಶ್ಚಿತ ದಿನಕ್ಕೆ ನಿಶ್ಚಿತ ಬರೆಹ, ಅದಕ್ಕೆ ನಿಶ್ಚಿತ ಸಂಭಾವನೆ. 1971ರಲ್ಲಿ ಪಾರ್ಶ್ವವಾಯುವು ಬಡಿದಾಗ ನಿರಂಜನರ ಬರೆವಣಿಗೆ ಮುಗಿಯಿತೆಂದು ಅನೇಕರು ತಿಳಿದಿರಬಹುದು. ಅದರ ತರುವಾಯವೇ ‘ಮೃತ್ಯುಂಜಯ’ವೆಂಬ ಬೃಹತ್ಕಾದಂಬರಿಯೂ, ಅವರ ಸಂಪಾದಕತ್ವದಲ್ಲಿ 25 ಸಂಪುಟಗಳ ‘ವಿಶ್ವಕಥಾಕೋಶ’ವೂ ಹೊರಬಂದುವು. ದೀರ್ಘಕಾಲದ ಅಭ್ಯಾಸವು ಕೈಯು ಸೋತಾಗಲೂ ಮನಸ್ಸನ್ನು ಎತ್ತಿ ನಿಲ್ಲಿಸಿತು. ವೈದ್ಯೆಯೂ ಲೇಖಕಿಯೂ ಆದ ಪತ್ನಿ ಅನುಪಮಾ ನಿರಂಜನರ ದುಡಿಮೆಯೂ ಆ ಮನೆಗೆ ಊರೆಗೋಲಾಗಿದ್ದಿತೆಂಬುದನ್ನು ಮರೆಯಲಾಗದು. ಸ್ವತಂತ್ರನೆನಿಸಿಕೊಂಡ ಲೇಖಕನ ಹಿಂದೆ ಮನೆಯವರ ಲೆಕ್ಕಕ್ಕೆ ಬಾರದ ದುಡಿಮೆಯು ಬಹುಮಟ್ಟಿಗೆ ಇದ್ದೇ ಇರುವುದು.

ಉಡುಪಿಯ ನೆರೆಯಲ್ಲಿ ಬರೆಹಕ್ಕೆ ಹತ್ತಿರದ ಕೊಳ್ಳುವವನು ದೊರೆತುದು 1970ರ ಜನವರಿ 1ರಂದು, ಮಣಿಪಾಲದಿಂದ ‘ಉದಯವಾಣಿ’ಯು ಹೊರಟಾಗ. ತರುವಾಯ ಅಲ್ಲಿಂದಲೇ ‘ತುಷಾರ’ ಮಾಸಪತ್ರಿಕೆಯೂ, 1983ರಲ್ಲಿ ‘ತರಂಗ’ ವಾರಪತ್ರಿಕೆಯೂ ಹುಟ್ಟಿದುವು. ಕಟಪಾಡಿ, ಕಾಪು, ಕಾರ್ಕಳಗಳ ಅಧ್ಯಾಪಕರೂ ಗೃಹಿಣಿಯರೂ ಬ್ಯಾಂಕಿನ ಗುಮಾಸ್ತರೂ ತಮ್ಮ ಕಥೆ, ಲೇಖನ, ನಗೆಬರೆಹಗಳನ್ನು ಅಂಚೆಯಲ್ಲಿ ಕಳುಹಿಸಿ ಸಣ್ಣ ಮೊತ್ತದ ಮನಿಯಾರ್ಡರಿಗೆ ಕಾದು ಕುಳಿತ ಕಾಲವದು. ಅದು ಜೀವನಕ್ಕೆ ಸಾಲುವಷ್ಟಾಗಿರಲಿಲ್ಲ. ಹಾಗಾದರೂ ಬರೆದುದಕ್ಕೆ ಬೆಲೆಯುಂಟೆಂಬ ಅರಿವು ಮನೆಮನೆಗೆ ಹೊಕ್ಕಿತು.

ಇದರ ಮುಂದಿನ ಅಧ್ಯಾಯವು ಅಚ್ಚಿನ ಯಂತ್ರದ ಹೊರಗೆ ನಡೆಯಿತು. ಯೂಟ್ಯೂಬ್ ಸಂಸ್ಥೆಯು 2007ರಲ್ಲಿ ಚಿತ್ರ ಮಾಡಿದವರಿಗೆ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡುವ ಕ್ರಮವನ್ನು ಆರಂಭಿಸಿತು. 2016ರಲ್ಲಿ ಭಾರತದಲ್ಲಿ ಇಂಟರ್ನೆಟ್ಟಿನ ದರವು ಹಠಾತ್ತನೆ ಇಳಿದುದರಿಂದ, ಕನ್ನಡ ತುಳುಗಳಲ್ಲಿ ಅಡುಗೆ, ಕೃಷಿ, ದೈವಾರಾಧನೆ, ಯಕ್ಷಗಾನ, ಹಾಸ್ಯ ಮುಂತಾದುವನ್ನು ಕುರಿತು ಚಿತ್ರ ಮಾಡುವವರಿಗೂ ನೋಡುಗರು ದೊರೆತರು. 2018ರಲ್ಲಿ ಆ ಸಂಸ್ಥೆಯು ಪಾಲು ಬೇಕಾದವನಿಗೆ ಕನಿಷ್ಠ 1,000 ಚಂದಾದಾರರೂ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕೆಂದು ವಿಧಿಸಿತು. ಹೀಗಾಗಿ ಮೊದಲ ಅನೇಕ ತಿಂಗಳುಗಳ ದುಡಿಮೆಗೆ ಬಿಡಿಗಾಸೂ ಬಾರದೆಂಬುದನ್ನು ಅರಿತೇ ಹೊಸಬನು ಇದಕ್ಕೆ ಕಾಲಿಡಬೇಕಾಗುವುದು. ಬಳಿಕವೂ ಹಬ್ಬದ ತಿಂಗಳುಗಳಲ್ಲಿ ಜಾಹೀರಾತಿನ ದರವು ಏರುವುದು, ಮತ್ತೆ ಇಳಿಯುವುದು. ಶಂಕರಪುರದ ಅಟ್ಟೆಯ ಕ್ರಯಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಒಂದು ಭೇದವು ಮಾತ್ರ ಇದ್ದೇ ಇದೆ. ಮಲ್ಲಿಗೆಗೆ ಕೊಳ್ಳುವವರು ಹಲವರು. ಈ ಹೊಸ ವೃತ್ತಿಯಲ್ಲಿ ಹಲವರು ಒಂದೇ ಬಾಗಿಲನ್ನು ಕಾಯುವರು. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಮೊದಲಾದ 59 ಅಪ್ಲಿಕೇಶನ್ನುಗಳನ್ನು ನಿಷೇಧಿಸಿತು. ಅದೊಂದರಲ್ಲಿಯೇ ವರ್ಷಗಳ ಕಾಲ ದಿನವೂ ತಪ್ಪದೆ ದುಡಿದು ಲಕ್ಷಗಟ್ಟಲೆ ನೋಡುಗರನ್ನು ಗಳಿಸಿದ್ದವರು ಬೆಳಗಾಗುವುದರೊಳಗೆ ಬರಿಗೈಯವರಾದರು. ಅವರ ದಿನಚರಿಯಲ್ಲಿ ದೋಷವಿರಲಿಲ್ಲ. ಫಲವೆಲ್ಲವೂ ಪರರ ಅಂಗಳದಲ್ಲಿ ಬೆಳೆದಿದ್ದಿತು. ಮುದ್ದಣನಿಗೆ ದಾರಿಯಿರಲಿಲ್ಲ, ಇವರಿಗೆ ಇದ್ದ ದಾರಿಯು ಒಂದೇ ಆಗಿದ್ದು ಅದು ಮುಚ್ಚಿಹೋಯಿತು. ಬರೆಹವನ್ನೂ ಚಿತ್ರವನ್ನೂ ಹಲವೆಡೆ ಇಟ್ಟು, ಮೂಲಪ್ರತಿಯನ್ನು ತಮ್ಮಲ್ಲೇ ಕಾದುಕೊಂಡು, ನೋಡುಗರೊಡನೆ ನೇರವಾದ ಪರಿಚಯವನ್ನು ಬೆಳೆಸಿದ್ದವರು ಬೇಗನೆ ಚೇತರಿಸಿಕೊಂಡರು. ಗಂಟು ಹೊತ್ತು ಅಲೆದ ಗಳಗನಾಥರ ನೀತಿಯು ನೂರು ವರ್ಷಗಳ ತರುವಾಯವೂ ಹಳತಾಗಲಿಲ್ಲ.

ಈ ಎಲ್ಲ ಬಾಳುಗಳನ್ನು ಒಟ್ಟಿಗಿರಿಸಿ ನೋಡಿದಾಗ, ಲೇಖನಿಯಿಂದ ಬದುಕಲೆಳಸುವವನಿಗೆ ನಿತ್ಯವೂ ಬೇಕಾದ ಅಭ್ಯಾಸಗಳಾವುವೆಂಬುದು ಕಾಣುವುದು. ದಿನದ ಒಳ್ಳೆಯ ಹೊತ್ತನ್ನು ಸೃಷ್ಟಿಗೆ ಮೀಸಲಿಡಬೇಕು. ಮಾರುವ ಕೆಲಸವನ್ನೂ ಪತ್ರವ್ಯವಹಾರವನ್ನೂ ಬೇರೆ ಹೊತ್ತಿಗೆ ಸರಿಸಬೇಕು. ಮಾಡಿದುದನ್ನೂ ಬಂದುದನ್ನೂ ಅಂದಂದೇ ಪುಸ್ತಕದಲ್ಲಿ ಬರೆದಿಡಬೇಕು. ಯಾವ ಬರೆಹಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಹಣ ಬಂದಿತು ಎಂದು ತಿಳಿಯದವನು ತನ್ನ ದುಡಿಮೆಗೆ ಸರಿಯಾದ ಬೆಲೆಯನ್ನು ಕೇಳಲಾರನು. ಬಂದ ಹಣದಲ್ಲಿ ಎರಡಾಣೆಯನ್ನಾದರೂ ಬಾರದ ತಿಂಗಳಿಗೆ ಎತ್ತಿಡಬೇಕು. ಒಬ್ಬನೇ ಕೊಳ್ಳುವವನನ್ನು ನಂಬಬಾರದು. ಬೇಗ ಮಾರಾಟವಾಗುವುದನ್ನೂ ಬಹುಕಾಲ ಬಾಳುವುದನ್ನೂ ಜೊತೆಜೊತೆಗೆ ಮಾಡಬೇಕು. ಹಕ್ಕನ್ನು ಕೈಬಿಡಬಾರದು. ಇವುಗಳಲ್ಲಿ ಒಂದೂ ಕಠಿಣವಾದುದಲ್ಲ. ದಿನವೂ ಮಾಡಬೇಕಾಗಿರುವುದಷ್ಟೇ ಕಠಿಣ.

ಆದರೆ ಈ ಅಭ್ಯಾಸಗಳಿಂದ ಕೊಳ್ಳತಕ್ಕುದು ಹಣವಷ್ಟೇ ಆಗಿದ್ದಲ್ಲಿ ವ್ಯಾಪಾರಕ್ಕೆ ಹೋಗುವುದೇ ಲೇಸು. 1975ರಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದಾಗ ಶಿವರಾಮ ಕಾರಂತರು ತಮಗೆ ಸಂದಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ಆಗ ಅನೇಕ ದೊಡ್ಡವರು ಮೌನದಲ್ಲಿದ್ದರು. ಅವರಲ್ಲಿ ಕೆಲವರ ಮೌನಕ್ಕೆ ನೌಕರಿಯೂ ಪಿಂಚಣಿಯೂ ಕಾರಣವಾಗಿದ್ದಿರಬಹುದು. ಕಾರಂತರ ಅನ್ನವು ಯಾವ ಕಚೇರಿಯಿಂದಲೂ ಬರುತ್ತಿರಲಿಲ್ಲ. ಐವತ್ತು ವರ್ಷಗಳ ಕಾಲ ದಿನದಿನವೂ ಬರೆದು ಓದುಗರಿಂದ ಪಡೆದುದೇ ಅವರ ಅನ್ನವಾಗಿದ್ದಿತು. ಇಲ್ಲವೆನ್ನಬೇಕಾದ ದಿನದಲ್ಲಿ ಇಲ್ಲವೆನ್ನುವ ಶಕ್ತಿಯು ಅವರ ಸ್ವಭಾವದಿಂದ ಬಂದುದು ನಿಜ. ಆ ಸ್ವಭಾವವು ಬಾಗದೆ ನಿಲ್ಲುವುದಕ್ಕೆ ಈ ದಿನಚರಿಯೂ ಆಧಾರವಾಯಿತು. ಮುದ್ದಣನಿಗೆ ತನ್ನ ಹೆಸರನ್ನು ಹೇಳಿಕೊಳ್ಳುವ ಸ್ವಾತಂತ್ರ್ಯವೂ ಇದ್ದಿಲ್ಲ. ಅದೇ ಜಿಲ್ಲೆಯಲ್ಲಿ ಮುಕ್ಕಾಲು ಶತಮಾನ ಕಳೆಯುವುದರೊಳಗೆ ಇನ್ನೊಬ್ಬ ಲೇಖಕನು ರಾಜ್ಯಾಧಿಕಾರಕ್ಕೇ ತನ್ನ ಹೆಸರಿನಿಂದ ಉತ್ತರ ಕೊಟ್ಟನು.

ನೋಡುಗರ ಸಂಖ್ಯೆಯನ್ನು ಗಳಿಗೆಗೊಮ್ಮೆ ತೆರೆದು ನೋಡುವ ಚಪಲವು ಈ ಕಾಲದ ದೊಡ್ಡ ರೋಗ. ಸಂಖ್ಯೆಯು ಏರಿದಾಗ ಅದನ್ನೇ ಮರಳಿ ಮಾಡುವ ಆಸೆ, ಇಳಿದಾಗ ಎಲ್ಲವನ್ನೂ ಬಿಟ್ಟುಬಿಡುವ ಆಸೆ. ಎರಡರ ನಡುವೆ ಸಿಕ್ಕಿದವನು ಒಡೆಯನಿಲ್ಲದ ವೃತ್ತಿಯಲ್ಲಿಯೂ ಆಳಾಗುವನು. ಕಟಪಾಡಿಯ ಸುತ್ತಣ ಹಿತ್ತಿಲುಗಳಲ್ಲಿ ಹೂ ಕೊಯ್ಯುವ ಹೆಂಗಸರು ಈ ವಿಷಯದಲ್ಲಿ ಹೆಚ್ಚಿನ ವಿವೇಕವುಳ್ಳವರು. ಅಟ್ಟೆಯ ಕ್ರಯವನ್ನು ಅವರು ದಿನಕ್ಕೆ ಒಮ್ಮೆ ಕೇಳಿ ತಿಳಿಯುವರು. ಏರಿದ್ದರೆ ಹಿಗ್ಗುವರು, ಇಳಿದಿದ್ದರೆ ಗೊಣಗುವರು. ಮರುದಿನ ಮಂಜು ಆರುವ ಮುನ್ನ ಗಿಡದ ಬುಡದಲ್ಲಿ ಮತ್ತೆ ಅವರ ಬುಟ್ಟಿಯಿರುವುದು.